ಹ್ಯಾಂಡಲ್ ಹೊಡೆದ ಕೈ

ಟಕ್ ಟಕ್ ಟಕ್ ಟಕ್.. ಅಷ್ಟೇ. ಕಳೆದ ಡಿಸೆಂಬರಿನ ಒಂದು ಬೆಳಗ್ಗೆ ಐದೂವರೆಗೆ ದರೋಜಿಯಲ್ಲಿ ನನ್ನ ಕಾರು ಮಾಡಿದ ಶಬ್ದ ಇದು. ಹಿಂದಿನ ಸೀಟಲ್ಲಿ ಶಾಲು ಹೊದ್ದ ಅಜ್ಜಿ. ಕಣ್ಣಿನ ಆಪರೇಷನ್ನಿಗೆ ಏಳು ಗಂಟೆಗೆಲ್ಲಾ ಬಳ್ಳಾರಿಯಲ್ಲಿರಬೇಕಿತ್ತು. ದರೋಜಿ ಅಂದ ಕೂಡ್ಲೇ ನೀವು ಕರಡಿ ಅಂತೀರಿ, 1994ರಲ್ಲಿ ಕರಡಿಧಾಮ ಆದ ಮೇಲೆ ನಮ್ಮೂರಿಗೆ ಬೇರೆ ಗುರುತೇ ಉಳಿದಿಲ್ಲ ಬಿಡಿ :) ಆವತ್ತು ಮಾತ್ರ ಕರಡಿಗಿಂತ ಕಾರಿಗೇ ಜಾಸ್ತಿ ಹೆದರಿದ್ದೆ.

ಕೀ ತಿರುಗಿಸ್ತಾನೇ ಇದ್ದೆ. ಮಾಮ ಬಂದು ಕಿಟಕಿ ತಟ್ಟಿದ್ರು. "ಸಾಕು ಬಿಡಲೇ, ಅದರ ಜೀವ ತಿನಬ್ಯಾಡ."

ಮಾಮ ಹೊಸಪೇಟೆಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು, ಹಂಪಿ ನೋಡಲು ಬಂದವರನ್ನು ಸುತ್ತಿಸಿದವರು. ಅವರ ಬಲಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಚೋದಿಲ್ಲ. ಒಂದು ಬೆಳಗ್ಗೆ ಬ್ಯಾಟರಿ ಕೈಕೊಟ್ಟಾಗ ಮುಂದಿನ ಬಂಪರಿನ ತೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದ್ದಾರೆ, ಅದು ವಾಪಸ್ ಒದ್ದಿದೆ. ಪಿಸ್ಟನ್ ಮೇಲಕ್ಕೆ ಮುಟ್ಟೋ ಮೊದಲೇ ಕಿಡಿ ಹಾರಿದ್ರೆ ಇಂಜಿನ್ ಉಲ್ಟಾ ತಿರುಗುತ್ತೆ, ಜೊತೆಗೆ ಹ್ಯಾಂಡಲ್ಲೂ. ಅದಕ್ಕೇ ಹಳೇ ಡ್ರೈವರುಗಳು ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೀತಿದ್ರು. ಮೇಲಿಂದ ಕೆಳಕ್ಕೆ ಒತ್ತಿದವನ ಕೈ ಮುರೀತು ಅಂತಲೇ ಲೆಕ್ಕ. ಮಾಮ ಅವತ್ತು ಅವಸರದಲ್ಲಿ ಒತ್ತಿದ್ದರಂತೆ.

ಇದೇ ಒದೆತದ ಇನ್ನೊಂದು ಕಥೆ ಅಮೆರಿಕದ್ದು. ಬೈರನ್ ಕಾರ್ಟರ್ ಎಂಬ ಕಾರು ತಯಾರಕ ದಾರಿಯಲ್ಲಿ ಯಾರದ್ದೋ ನಿಂತ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ಪೆಟ್ಟು ತಿಂದು, ಅದರಿಂದಲೇ 1908ರಲ್ಲಿ ತೀರಿಕೊಂಡ, ಅದನ್ನು ಕೇಳಿ ನೊಂದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲ್ಯಾಂಡ್ ಹ್ಯಾಂಡಲ್ಲೇ ಬೇಡ ಅಂದ ಅಂತ ಹೇಳ್ತಾರೆ. ಕಥೆಗೆ ಎಷ್ಟು ಉಪ್ಪುಖಾರ ಸೇರಿದೆಯೋ ಏನೋ, ಆದರೆ ಕೆಲಸ ಚಾರ್ಲ್ಸ್ ಕೆಟರಿಂಗ್ ಕೈಗೆ ಬಂದದ್ದು ನಿಜ. 1912ರ ಕ್ಯಾಡಿಲಾಕ್ ಸೆಲ್ಫ್ ಸ್ಟಾರ್ಟರ್ ಜೊತೆಗೇ ಬಂತು.

ನನಗೆ ಬಹಳ ಇಷ್ಟವಾದದ್ದು ಕೆಟರಿಂಗ್ ಯೋಚಿಸಿದ ರೀತಿ. ಇಂಜಿನ್ ತಿರುಗಿಸುವಷ್ಟು ಶಕ್ತಿಯ ಮೋಟರ್ ಕಾರಿಗಿಂತ ದೊಡ್ಡದಾಗುತ್ತೆ ಅಂತಿದ್ದರು ಉಳಿದವರು. ಈತ ಅದಕ್ಕೂ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ಮೋಟರ್ ಕೂರಿಸಿದ್ದ. ಗಲ್ಲಾ ತೆಗೆಯೋಕೆ ಒಂದು ಕ್ಷಣದ ಝಟಕಾ ಸಾಕು, ದಿನವಿಡೀ ತಿರುಗೋ ಮೋಟರ್ ಯಾಕೆ? ಅದೇ ಲೆಕ್ಕ ಕಾರಿಗೂ. ಸಣ್ಣ ಮೋಟರಿಗೆ ಕೆಲವೇ ಸೆಕೆಂಡು ಅದರ ತಾಕತ್ತಿಗೆ ಮೀರಿದ ಕೆಲಸ ಕೊಡು, ಬಿಸಿಯಾಗೋ ಮೊದಲು ಬಿಟ್ಟುಬಿಡು. ನೂರು ವರ್ಷ ದಾಟಿದರೂ ಸ್ಟಾರ್ಟರ್ ಮೋಟರಿನ ಜಾತಕ ಇದೇ. ಐದು ಸೆಕೆಂಡು ತಿರುಗಿಸಿ, ಒಂದಿಷ್ಟು ಹೊತ್ತು ಬಿಡಬೇಕು. ನಾನು ಮಾಡ್ತಿದ್ದ ಹಾಗೆ ಹಿಡಿದೇ ಇರಬಾರದು.

ನಮ್ಮಲ್ಲಿ ಸೆಲ್ಫ್ ಬಂದರೂ ಹ್ಯಾಂಡಲ್ ಹೋಗಲಿಲ್ಲ, ಡಿಕ್ಕಿಯಲ್ಲಿ ಬಿದ್ದಿರುತ್ತಿತ್ತು. ಬೆಳಗಿನ ಜಾವದ್ದೇ ಒಂದು ವಿಧಿ ಇತ್ತು. ಚಳಿಗೆ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ, ಆದ್ದರಿಂದ ಚೋಕ್ ಎಳೆದು ಗಾಳಿ ಕಮ್ಮಿ ಮಾಡಬೇಕು. ಆಕ್ಸಿಲರೇಟರ್ ಜಾಸ್ತಿ ತುಳಿದರೆ ಪ್ಲಗ್ ಒದ್ದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಇಬ್ಬನಿ ಕೂತಿದ್ದರೆ ಒಣಬಟ್ಟೆ, ಪಾಯಿಂಟ್ ಕರಿಗಟ್ಟಿದ್ದರೆ ಉಪ್ಪುಕಾಗದ. ಮಾಮನಿಗೆ ಪ್ಲಗ್ ಅಂದ್ರೆ ಮೈಕೋ. 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟಾಗೇ ಉಳಿದಿದೆ.

ಆಮೇಲೆ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಯ್ತು, ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಇಂಜಿನ್ ಎಷ್ಟು ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತೆ, ಎಷ್ಟು ಪೆಟ್ರೋಲ್ ಕೊಡಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಚೋಕ್ ಎಳೆಯೋ ಕೆಲಸ ನಮ್ಮ ಜಾತಿಯವರ ಪಾಲಾಯ್ತು, ಸಾಫ್ಟ್‌ವೇರ್ ಜಾತಿ :) ನಮ್ಮಂಥವರಿಗೆ ಬಾನೆಟ್ ಎತ್ತೋ ಅಭ್ಯಾಸವೂ ತಪ್ಪಿತು.

ಮಾಮ ಬಾನೆಟ್ ಎತ್ತಲು ಹೇಳೋ ಮೊದಲು ಹೆಡ್‌ಲೈಟ್ ಹಾಕಿಸಿ, ಕೀ ತಿರುಗಿಸು ಅಂದ್ರು. ಲೈಟು ಮಂಕಾಯ್ತು, ಟಕ್ ಟಕ್. ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಅಥವಾ ಕಿಡಿ ನೋಡಬೇಕು. ತಿರುಗದೆ ಬರೀ ಟಕ್ ಟಕ್ ಅಂದರೆ ಮೊದಲು ನೋಡಬೇಕಾದ್ದು ಬ್ಯಾಟರಿ, ಅದರ ಟರ್ಮಿನಲ್. ನಮ್ಮದರ ಟರ್ಮಿನಲ್ ತುಂಬಾ ಬಿಳಿ ಪುಡಿ. ಬಿಸಿನೀರು ಸುರಿದು, ತಿಕ್ಕಿ, ಬಿಗಿ ಮಾಡಿದೆವು. ಮತ್ತೆ ಟಕ್ ಟಕ್.

"ನಿನ್ನೆ ರಾತ್ರಿ ಚೆನ್ನಾಗೇ ಇತ್ತಲ್ಲ ಮಾಮಾ, ಒಂದೇ ಚಳಿಗೆ ಹೋಯ್ತಾ?" ಅಂದೆ.

"ಚಳಿಗೆ ಎಲ್ಲೈತಲೇ? ಬ್ಯಾಟ್ರಿ ಬ್ಯಾಸಿಗ್ಯಾಗ ಸತ್ತೈತಿ, ವಾಸನಿ ಈಗ ಬಂದೈತಿ."

ಆಮೇಲೆ ಓದಿ ನೋಡಿದೆ, ಅಕ್ಷರಶಃ ನಿಜ. ನಲವತ್ತು ಡಿಗ್ರಿ ದಾಟೋ ನಮ್ಮ ಬಳ್ಳಾರಿ ಬಿಸಿಲಿಗೆ ಬ್ಯಾಟರಿಯೊಳಗಿನ ಸೀಸದ ಪ್ಲೇಟುಗಳು ಬೇಗ ಸವೆಯುತ್ತವೆ, ನೀರು ಆರುತ್ತೆ. ಬೇಸಿಗೆಯಲ್ಲಿ ಇಂಜಿನ್ ಆಯಿಲ್ ತೆಳ್ಳಗಿರೋದರಿಂದ ಅರ್ಧ ಜೀವದ ಬ್ಯಾಟರಿಯೂ ಹೇಗೋ ಎಳೆಯುತ್ತೆ. ಡಿಸೆಂಬರಿನಲ್ಲಿ ಆಯಿಲ್ ಗಟ್ಟಿ, ಬ್ಯಾಟರಿಯ ರಸಾಯನ ಕ್ರಿಯೆ ನಿಧಾನ, ಎರಡೂ ಒಟ್ಟಿಗೇ. ನಮ್ಮ ಚಳಿ ಚಳಿಯೇ ಅಲ್ಲ, ಆದರೂ ಮೇ ತಿಂಗಳ ಸಾಲ ವಸೂಲಿಗೆ ಅಷ್ಟು ಸಾಕು. ಹನ್ನೆರಡು ವೋಲ್ಟಿನ ಒಳ್ಳೇ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ಕೀ ತಿರುಗಿಸಿದಾಗ ಹತ್ತಕ್ಕಿಂತ ಬಹಳ ಕೆಳಗೆ ಬಿದ್ದರೆ ಬದಲಾಯಿಸೋ ಕಾಲ ಬಂತು ಅಂತ. ಜೂನ್‌ನಲ್ಲೇ ಒಂದ್ಸಲ ನೋಡಿಸಿದ್ದರೆ ಗೊತ್ತಾಗ್ತಿತ್ತು.

ಕೊನೆಗೆ ತಳ್ಳಿದೆವು. ಹಾಲು ಹಾಕಲು ಬಂದ ಹುಡುಗ, ನಾನು, ಪಕ್ಕದ ಮನೆಯವರು. ಸ್ಟೀರಿಂಗಿಗೆ ಮಾಮ, ಎರಡನೇ ಗೇರು. ಇಳಿಜಾರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಗುರ್ರ್ ಅಂತ ಎದ್ದುಕೊಂಡಿತು. ಅಜ್ಜಿ ಇಳಿಯಲೇ ಇಲ್ಲ, ಒಳಗೇ ಕೂತು "ತಳ್ರಿ, ತಳ್ರಿ" ಅಂತಿದ್ರು. ಬಳ್ಳಾರಿ ಮುಟ್ಟೋವರೆಗೆ ಎಲ್ಲೂ ಆಫ್ ಮಾಡಲಿಲ್ಲ. ಏಳೂ ಹತ್ತಕ್ಕೆ ಆಸ್ಪತ್ರೆ, ಹತ್ತೂವರೆಗೆ ಹೊಸ ಬ್ಯಾಟರಿ.

ಪಟ್ಟಿ ಬಿಚ್ಚಿದ ದಿನ ಅಜ್ಜಿ ಮೊದಲು ನೋಡಿದ್ದು ಮಾಮನ ಕೈ. "ಇಷ್ಟು ಸೊಟ್ಟ ಐತೇನೋ ಇದು?" ಅಂದ್ರು.