ಸವೆಯದೆಯೇ ಹಳತಾಗುವ ಸಾಮಾನು

ಸೈಕಲ್ ತುಳಿಯುವವರ ಸಹವಾಸಕ್ಕೆ ಬಿದ್ದ ಮೇಲೆ ನನ್ನನ್ನು ಜನ ಅತಿ ಹೆಚ್ಚು ಕೇಳಿರುವುದು "ಯಾವ ಸೈಕಲ್ ತಗೊಳ್ಳಲಿ?" ಅಂತಲ್ಲ. "ಗುರು, ಇದನ್ನ ಮಾರಿದ್ರೆ ಎಷ್ಟು ಬರಬಹುದು?" ಅಂತ. ಕೇಳುವವರು ನಮ್ಮಂಥವರೇ. ಲಾಕ್‌ಡೌನಿನಲ್ಲಿ ಹುರುಪು ಬಂದು ಕೊಂಡವರು, ಮಗು ಹುಟ್ಟಿದ ಮೇಲೆ ಭಾನುವಾರದ ನಂದಿಬೆಟ್ಟ ತಪ್ಪಿಹೋದವರು, ಕೆಲಸ ಕಳೆದುಕೊಂಡು ಮುಂದಿನ ಮೂರು ತಿಂಗಳ ಬಾಡಿಗೆಗೆ ಮನೆಯಲ್ಲಿ ಏನೇನಿದೆ ಅಂತ ಹುಡುಕುತ್ತಿರುವವರು. ಈ ಕೊನೆಯವರಿಗೆ ಉತ್ತರ ಹೇಳುವಾಗ ಬಾಯಿ ಕಟ್ಟುತ್ತೆ. "ಒಂದು ಗೀರೂ ಬಿದ್ದಿಲ್ಲ ನೋಡು, ಬಾಕ್ಸ್ ಸಮೇತ ಇದೆ" ಅಂತಾರೆ. ಹೌದು, ಬಿದ್ದಿಲ್ಲ. ಆದರೆ ಸೈಕಲ್ ಸಾಮಾನಿನ ಸೆಕೆಂಡ್ ಹ್ಯಾಂಡ್ ರೇಟಿಗೂ ಗೀರಿಗೂ ಅಂಥ ಸಂಬಂಧ ಇಲ್ಲ. ಯಾವತ್ತೂ ಇರಲಿಲ್ಲ.

ಸುಮಾರು ನೂರನಲವತ್ತು ವರ್ಷ ಹಿಂದಕ್ಕೆ ಹೋಗೋಣ. ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಂಥ ಚಕ್ರ ಇರುವ ಪೆನ್ನಿ ಫಾರ್ದಿಂಗ್ ಸೈಕಲ್ಲಿನ ಚಿತ್ರ ನೀವು ನೋಡಿರ್ತೀರಿ. ಆ ಕಾಲದಲ್ಲಿ ಅದು ಶ್ರೀಮಂತ ಹುಡುಗರ ಆಟದ ಸಾಮಾನು, ಒಳ್ಳೆ ಉಕ್ಕಿನದ್ದು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತನ್ನ ರೋವರ್ ಸೈಕಲ್ ತಂದ. ಹೆಚ್ಚುಕಡಿಮೆ ಸಮ ಗಾತ್ರದ ಎರಡು ಚಕ್ರ, ಹಿಂದಿನದಕ್ಕೆ ಚೈನು. ಇವತ್ತಿನ ಸೈಕಲ್ಲಿನ ಅಜ್ಜ. ದೊಡ್ಡ ಚಕ್ರದವರು ಮೊದಲು ನಕ್ಕರು, ಆಮೇಲೆ ಮಾರಲು ಹೊರಟರು, ಕೊಳ್ಳುವವರು ಸಿಗಲಿಲ್ಲ.

ಇದಾದ ಮೇಲೆ ಇನ್ನೂ ಕ್ರೂರವಾದ ಒಂದು ಸಂಗತಿ ನಡೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. 1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಅನ್ನೋ ಸವಾರ ಆ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ಕ್ರೀಡಾಕೂಟದಲ್ಲಿ ಭಾಗವಹಿಸಿದ ರೇಸುಗಳನ್ನೆಲ್ಲ ಗೆದ್ದ. ಅಲ್ಲಿಗೆ ಗಟ್ಟಿ ರಬ್ಬರಿನ ಟೈರಿನ ಸೈಕಲ್ಲುಗಳ ಕಥೆ ಮುಗಿಯಿತು. ಎರಡು ವರ್ಷದ ಹಿಂದೆ "ಅತ್ಯಾಧುನಿಕ" ಅಂತ ಕೊಂಡ ರೋವರ್ ಮಾದರಿಯ ಸೈಕಲ್ಲು ಕೂಡ ಹಳೇ ಸಾಮಾನಾಯಿತು. ಅದರ ಫ್ರೇಮು ಬಗ್ಗಿರಲಿಲ್ಲ, ಚೈನು ಸವೆದಿರಲಿಲ್ಲ. ಬೇರೆ ಊರಿನಲ್ಲಿ ಬೇರೆ ಯಾರೋ ಗೆದ್ದರು, ಅಷ್ಟೇ.

ಅಮೆರಿಕದಲ್ಲಿ ಇದೇ ಪಾಠ ದುಡ್ಡಿನ ರೂಪದಲ್ಲಿ ಬಂತು. 1890ರ ದಶಕದ ನಡುವೆ ಅಲ್ಲಿ ಸೈಕಲ್ ಹುಚ್ಚು ಹಿಡಿದಿತ್ತು. ಕರ್ನಲ್ ಆಲ್ಬರ್ಟ್ ಪೋಪ್‌ನ ಕೊಲಂಬಿಯಾ ಸೈಕಲ್ಲಿನ ಬೆಲೆ 1895ರಲ್ಲಿ 125 ಡಾಲರಿನಿಂದ 100ಕ್ಕೆ ಇಳಿಯಿತು. ಒಬ್ಬ ಕೂಲಿಯವನಿಗೆ ತಿಂಗಳುಗಟ್ಟಲೆ ದುಡಿಮೆ ಅದು. ಎಷ್ಟೋ ಜನ ಕಂತಿನ ಮೇಲೆ ಕೊಂಡರು (ಹೌದು, ಇಎಂಐ ನಮ್ಮ ಕಾಲದ ಶೋಧ ಅಲ್ಲ). ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಎಕ್ಸ್‌ಚೇಂಜ್ ಪದ್ಧತಿಯೂ ಬಂದಿತ್ತು. ಕಾರ್ಖಾನೆಗಳು ಬೇಕಾದ್ದಕ್ಕಿಂತ ಹೆಚ್ಚು ಮಾಡಿ ಗುಡ್ಡೆ ಹಾಕಿದವು. 1897ರಲ್ಲಿ ಪೋಪ್ ಬೆಲೆಯನ್ನು 75ಕ್ಕೆ ಇಳಿಸಿದ. ಹಿಂದಿನ ವಾರ 100 ಕೊಟ್ಟು ಕೊಂಡವನ ಸೈಕಲ್ಲು ಹಜಾರದಲ್ಲಿ ನಿಂತಲ್ಲೇ 25 ಡಾಲರ್ ಕಳೆದುಕೊಂಡಿತು. 1899ರಲ್ಲಿ ನಲವತ್ತಕ್ಕೂ ಹೆಚ್ಚು ಕಂಪನಿಗಳು ಒಂದಾಗಿ ಅಮೆರಿಕನ್ ಬೈಸಿಕಲ್ ಕಂಪನಿ ಅಂತ ಮಾಡಿಕೊಂಡವು. 1902ರಲ್ಲಿ ಅದೂ ದಿವಾಳಿಯಾಯಿತು.

2020ರಿಂದ 2023ರವರೆಗೆ ನಡೆದದ್ದು ಇದರ ಮರುಪ್ರದರ್ಶನ. ಲಾಕ್‌ಡೌನಿನಲ್ಲಿ ಜಗತ್ತಿನ ಎಲ್ಲ ಕಡೆ ಸೈಕಲ್ಲಿಗೆ ಬರ, ಹಳೇ ಸೈಕಲ್ಲಿಗೂ ಹೊಸದರ ರೇಟು. ಆಮೇಲೆ ಗೋಡೌನು ತುಂಬಿತು, ಕೊಳ್ಳುವವರು ಆಫೀಸಿಗೆ ವಾಪಸ್ ಹೋದರು. ಗೇರು ಬ್ರೇಕು ಮಾಡುವ ಜಪಾನಿನ ಶಿಮಾನೊ ಕಂಪನಿಯ ಮಾರಾಟ 2022ರಲ್ಲಿ ಸುಮಾರು 62,900 ಕೋಟಿ ಯೆನ್ ಇದ್ದದ್ದು ಮರುವರ್ಷ 47,400 ಕೋಟಿಗೆ ಬಿತ್ತು. ಹೊಸದು ಭಾರಿ ರಿಯಾಯಿತಿಯಲ್ಲಿ ಸಿಗುವಾಗ ನಿಮ್ಮ ಮೂರು ವರ್ಷದ ಹಳೆಯದನ್ನು ಯಾರು ಕೇಳ್ತಾರೆ?

ಇಲ್ಲಿಯವರೆಗೆ ಹೇಳಿದ್ದು ಇಡೀ ಸೈಕಲ್ಲಿನ ಮಾತು. ಬಿಡಿ ಸಾಮಾನಿನ ಚರಿತ್ರೆ ಇದಕ್ಕಿಂತ ಸ್ವಾರಸ್ಯವಾಗಿದೆ, ಯಾಕಂದರೆ ಅದರಲ್ಲಿ ಬೆಲೆ ಉಳಿಸಿಕೊಂಡ ವಸ್ತುಗಳೂ ಇವೆ.

ಬ್ರೂಕ್ಸ್ ಚರ್ಮದ ಸೀಟು ತಗೊಳ್ಳಿ. ಬರ್ಮಿಂಗ್‌ಹ್ಯಾಮಿನ ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಚರ್ಮದ ವ್ಯಾಪಾರ ಶುರುಮಾಡಿ, 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ತಗೊಂಡ. ಹೊಸ ಬ್ರೂಕ್ಸ್ ಮರದ ಹಲಗೆಯ ಹಾಗಿರುತ್ತೆ. ನೂರಾರು ಕಿಲೋಮೀಟರ್ ಕೂತ ಮೇಲೆ ಚರ್ಮ ನಿಮ್ಮ ಮೂಳೆಗೆ ತಕ್ಕಂತೆ ತಗ್ಗುತ್ತೆ. ಅದಕ್ಕೇ ಹಳೆಯದನ್ನು ಇಷ್ಟಪಟ್ಟು ಕೊಳ್ಳುವವರಿದ್ದಾರೆ, ಒರಟುತನ ಕಳೆಯುವ ಕಷ್ಟವನ್ನು ಇನ್ಯಾರೋ ಪಟ್ಟಿರ್ತಾರಲ್ಲ. ತಗ್ಗಿರುವುದು ಇನ್ಯಾರದ್ದೋ ಆಕಾರಕ್ಕೆ ಅನ್ನೋದು ಬೇರೆ ಮಾತು.

ನನಗೆ ಮುಖ್ಯ ಅನ್ನಿಸೋದು ಗೇರಿನ ಕಥೆ. ಇಟಲಿಯ ವಿಚೆನ್ಜಾದಲ್ಲಿ ಟುಲ್ಲಿಯೊ ಕ್ಯಾಂಪಾನ್ಯೋಲೊ 1933ರಲ್ಲಿ ಶುರುಮಾಡಿದ ಕಂಪನಿ, 1967ರಲ್ಲಿ ನುವೋವೊ ರೆಕಾರ್ಡ್ ಅನ್ನೋ ಡಿರೇಲರ್ ತಂತು. ಹಿಂದಿನ ಚಕ್ರದ ಹಲ್ಲುಗಳ ಮೇಲೆ ಚೈನನ್ನು ಅತ್ತಿತ್ತ ತಳ್ಳುವ ಯಂತ್ರ ಅದು. ಅದನ್ನು ನಡೆಸುವ ಗೇರು ಕಡ್ಡಿಯಲ್ಲಿ "ಟಕ್" ಅನ್ನೋ ಸದ್ದಿಲ್ಲ, ಮೆಟ್ಟಿಲಿಲ್ಲ. ಎಷ್ಟು ಎಳೆಯಬೇಕು ಅನ್ನೋದು ಸವಾರನ ಬೆರಳಿಗೆ, ಕಿವಿಗೆ ಬಿಟ್ಟದ್ದು. ಅನಾನುಕೂಲ ಹೌದು. ಆದರೆ ಇದರಿಂದ ಒಂದು ದೊಡ್ಡ ಲಾಭ ಇತ್ತು. ಐದು ಹಲ್ಲುಚಕ್ರ ಇದ್ದರೂ ಆರು ಇದ್ದರೂ, ಕಡ್ಡಿ ಒಂದು ಕಂಪನಿಯದು ಡಿರೇಲರ್ ಇನ್ನೊಂದರದು ಆದರೂ ಹೇಗೋ ಹೊಂದಿಕೊಳ್ಳುತ್ತಿತ್ತು. ಪುಟ್ಟ ಸ್ಪ್ರಿಂಗು, ಬೋಲ್ಟು ಬಿಡಿಯಾಗಿ ಸಿಗುತ್ತಿತ್ತು. ಹೀಗಾಗಿ ಹಳೇ ಕ್ಯಾಂಪಾನ್ಯೋಲೊ ಭಾಗ ಹಳೆಯದಾದರೂ ಇನ್ನೊಬ್ಬನ ಸೈಕಲ್ಲಿಗೆ ಕೆಲಸಕ್ಕೆ ಬರುವ ವಸ್ತುವೇ ಆಗಿ ಉಳಿಯಿತು.

1984ರಲ್ಲಿ ಶಿಮಾನೊ ತನ್ನ ಡ್ಯುರಾ-ಏಸ್ ಸೆಟ್ಟಿನಲ್ಲಿ ಇಂಡೆಕ್ಸ್ ಶಿಫ್ಟಿಂಗ್ ತಂತು. ಒಂದು ಕ್ಲಿಕ್ಕಿಗೆ ಒಂದು ಗೇರು. ಹೊಸಬನೂ ತಪ್ಪಿಲ್ಲದೆ ಗೇರು ಹಾಕಬಹುದು. ಒಳ್ಳೆಯದೇ, ನಾನೂ ಅದನ್ನೇ ಬಳಸೋದು. ಆದರೆ ಒಂದು ಕ್ಲಿಕ್ಕಿಗೆ ಕೇಬಲ್ ಇಷ್ಟೇ ಎಳೆಯಬೇಕು, ಹಲ್ಲುಚಕ್ರಗಳ ನಡುವೆ ಇಷ್ಟೇ ಜಾಗ ಇರಬೇಕು, ಚೈನು ಇಷ್ಟೇ ದಪ್ಪ ಇರಬೇಕು ಅಂತಾಯಿತು. ಎಲ್ಲವೂ ಒಂದೇ ಮನೆಯಿಂದ, ಒಂದೇ ಪೀಳಿಗೆಯಿಂದ ಬರಬೇಕು. 1990ರಲ್ಲಿ ಬ್ರೇಕು, ಗೇರು ಎರಡೂ ಒಂದೇ ಲಿವರಿನೊಳಗೆ ಸೇರಿದವು. ಒಳಗಿನ ಗ್ರೀಸು ಒಣಗಿದರೆ ಬಿಚ್ಚಿ ರಿಪೇರಿ ಮಾಡುವ ಹಾಗಿಲ್ಲ, ಇಡೀ ಲಿವರ್ ಬದಲಿಸಬೇಕು. ಕ್ಯಾಂಪಾನ್ಯೋಲೊದ ಎರ್ಗೊಪವರ್ ಲಿವರುಗಳನ್ನು ಬಿಚ್ಚಿ ಜೋಡಿಸಬಹುದಾಗಿದ್ದರಿಂದ ಅವುಗಳ ಹಳೇ ಜೋಡಿಗೆ ಇವತ್ತಿಗೂ ಗಿರಾಕಿಗಳಿದ್ದಾರೆ.

ಆಮೇಲೆ ಲೆಕ್ಕ ಓಡಿತು. ಡ್ಯುರಾ-ಏಸ್ 2003ರಲ್ಲಿ ಹತ್ತು, 2012ರಲ್ಲಿ ಹನ್ನೊಂದು, 2021ರಲ್ಲಿ ಹನ್ನೆರಡು ಹಲ್ಲುಚಕ್ರಕ್ಕೆ ಹೋಯಿತು. ಹಿಂದಿನದು ಕೆಟ್ಟಿತು ಅಂತ ಯಾರೂ ಹೇಳಲಿಲ್ಲ. ಬಿಡಿಭಾಗ ಸಿಗೋದು ಕಡಿಮೆಯಾಯಿತು, ಅಷ್ಟು ಸಾಕು.

ಇನ್ನು ಬ್ಯಾಟರಿ ಇರುವ ಸಾಮಾನು. ಇಲ್ಲಿ ನನ್ನ ಗೆಳೆಯರು ಹೆಚ್ಚು ಕಳೆದುಕೊಂಡಿರುವುದರಿಂದ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಫ್ರಾನ್ಸಿನ ಮಾವಿಕ್ ಕಂಪನಿ 1990ರ ದಶಕದ ಮೊದಲಲ್ಲೇ ಜ್ಯಾಪ್ ಅನ್ನೋ ಎಲೆಕ್ಟ್ರಾನಿಕ್ ಗೇರು ತಂದಿತ್ತು, 1999ರಲ್ಲಿ ವೈರಿಲ್ಲದ ಮೆಕ್‌ಟ್ರಾನಿಕ್. ಎರಡೂ ನಿಂತುಹೋದವು. ಕೆಟ್ಟರೆ ಭಾಗ ಸಿಗದ ಕಾರಣ ಇವತ್ತು ಅವು ಸಂಗ್ರಹಕಾರರ ಕಪಾಟಿನ ಬೊಂಬೆ. 2009ರಲ್ಲಿ ಶಿಮಾನೊದ ಡಿಐ2 ಬಂದು ಗೆದ್ದಿತು. ಆದರೆ ಎರಡೇ ವರ್ಷಕ್ಕೆ, 2011ರಲ್ಲಿ, ಅದರ ತಮ್ಮ ಅಲ್ಟೆಗ್ರಾ ಡಿಐ2 ಬೇರೆಯೇ ವೈರು, ಬೇರೆಯೇ ಕನೆಕ್ಟರ್ ಹಿಡಿದು ಬಂತು, ಮುಂದೆ ಅದೇ ಪದ್ಧತಿ ಉಳಿಯಿತು. ಮೊದಲು ಕೊಂಡವರು, ಅಂದರೆ ಅತಿ ಹೆಚ್ಚು ದುಡ್ಡು ಕೊಟ್ಟವರು, ಒಂಟಿಯಾಗಿ ಉಳಿದರು.

ಪವರ್ ಮೀಟರ್ ಕಥೆಯೂ ಇದೇ. 1986ರಲ್ಲಿ ಜರ್ಮನಿಯ ಎಂಜಿನಿಯರ್ ಉಲ್ರಿಶ್ ಶೋಬೆರರ್, ಸವಾರ ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದ್ದಾನೆ ಅಂತ ಅಳೆಯುವ ಸಾಧನವನ್ನು ಕ್ರ್ಯಾಂಕಿನೊಳಗೆ ಕೂರಿಸಿದ. ಎಸ್‌ಆರ್‌ಎಂ ಅನ್ನೋ ಹೆಸರಿನ ಇದು ಬಹಳ ವರ್ಷ ವೃತ್ತಿಪರ ತಂಡಗಳ ಸೊತ್ತು, ಬೆಲೆ ಸಾವಿರಾರು ಡಾಲರು. ಬ್ಯಾಟರಿ ಮುಗಿದರೆ ಕಂಪನಿಗೇ ಕಳಿಸಬೇಕಿತ್ತು. 2012ರಲ್ಲಿ ಸ್ಟೇಜಸ್ ಅನ್ನೋ ಅಮೆರಿಕನ್ ಕಂಪನಿ ಎಡಗಾಲಿನ ಕ್ರ್ಯಾಂಕಿಗೆ ಮಾತ್ರ ಸಾಧನ ಅಂಟಿಸಿ 699 ಡಾಲರಿನಿಂದ ಮಾರಲು ಶುರುಮಾಡಿತು. ನಿಖರತೆಯಲ್ಲಿ ಹಳೆಯದೇ ಮೇಲು. ಆದರೂ ರೇಟು ಕುಸಿದದ್ದು ಹಳೆಯದ್ದೇ.

ಜಿಪಿಎಸ್ ಮೀಟರುಗಳು ಹುಟ್ಟಿದ್ದೇ ಒಂದು ಸರ್ಕಾರಿ ತೀರ್ಮಾನದಿಂದ. 2000ದ ಮೇ ತಿಂಗಳವರೆಗೆ ಅಮೆರಿಕ ಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು, ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಅದನ್ನು ನಿಲ್ಲಿಸಿದ ಐದು ವರ್ಷಕ್ಕೆ ಗಾರ್ಮಿನ್ ಎಡ್ಜ್ 305 ಬಂತು, ಆಮೇಲೆ ಅದರ ಸಾಲು ಸಾಲು ತಮ್ಮಂದಿರು. ಅದಕ್ಕೆ ಬೇಕಾದ ಮಿನಿ ಯುಎಸ್‌ಬಿ ಕೇಬಲ್ ನಿಮ್ಮ ಮನೆಯಲ್ಲಿ ಇನ್ನೂ ಇದೆಯಾ? ಬ್ಯಾಟರಿ ನಾವೇ ಬದಲಿಸೋ ಹಾಗಿಲ್ಲ. 2019ರ ಏಪ್ರಿಲ್ 6ರಂದು ಜಿಪಿಎಸ್ಸಿನ 1024 ವಾರಗಳ ಎಣಿಕೆ ಮತ್ತೆ ಸೊನ್ನೆಗೆ ತಿರುಗಿದಾಗ, ಅಪ್‌ಡೇಟ್ ಸಿಗದ ಕೆಲವು ಹಳೇ ಸಾಧನಗಳು ತಮ್ಮನ್ನು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖಿನಲ್ಲಿ ಕಂಡುಕೊಂಡವು.

ಹೀಗಿರುವಾಗ ಯಾವುದು ಬೆಲೆ ಉಳಿಸಿಕೊಳ್ಳುತ್ತೆ ಅಂತ ಹುಡುಕಿದರೆ ಜಪಾನಿಗೆ ಹೋಗಬೇಕು. 1948ರಲ್ಲಿ ಯುದ್ಧದಿಂದ ಜರ್ಜರಿತವಾದ ದೇಶಕ್ಕೆ ಹಣ ಕೂಡಿಸಲು ಕೊಕುರಾ ಊರಿನಲ್ಲಿ ಕೇರಿನ್ ಅನ್ನೋ ಸೈಕಲ್ ರೇಸು ಶುರುವಾಯಿತು. ಜನ ಅದರ ಮೇಲೆ ಬಾಜಿ ಕಟ್ಟುತ್ತಾರೆ, ಕಾನೂನಿನ ಪ್ರಕಾರವೇ. ಬಾಜಿ ಅಂದ ಮೇಲೆ ಮೋಸದ ಭಯ. ಅದಕ್ಕೇ ಎಲ್ಲ ಸವಾರರ ಸೈಕಲ್ಲೂ ಒಂದೇ ಥರ ಇರಬೇಕು ಅಂತ ನಿಯಮ. ಉಕ್ಕಿನ ಫ್ರೇಮು, ಒಂದೇ ಗೇರು, ಪ್ರತಿ ಭಾಗದ ಮೇಲೆ ಎನ್‌ಜೆಎಸ್ ಅನ್ನೋ ಮುದ್ರೆ. ಇಂಗಾಲದ ಫೈಬರ್ ಬಂದರೂ ಗಂಡಸರ ಸಾಂಪ್ರದಾಯಿಕ ಕೇರಿನ್‌ಗೆ ಹತ್ತಲಿಲ್ಲ. ಹಾಗಾಗಿ ಹಳೆಯ ಹಬ್ಬೊಂದು ಮೊನ್ನೆ ಬಂದ ಫ್ರೇಮಿಗೆ ಕೂರುತ್ತೆ. 2000ದ ನಂತರ ಫಿಕ್ಸಿ ಹುಚ್ಚು ಹಿಡಿದಾಗ ವಿದೇಶಿ ಹುಡುಗರು ಸವಾರರು ಬಿಟ್ಟ ಹಳೇ ಫ್ರೇಮುಗಳನ್ನು ಹುಡುಕಿ ಹುಡುಕಿ ತರಿಸಿಕೊಂಡರು, ಗೀರು ಬಿದ್ದವನ್ನೇ.

ಇಟಲಿಯಲ್ಲೂ ಒಂದು ನಿಯಮ ಇದೇ ಕೆಲಸ ಮಾಡಿತು. 1997ರಲ್ಲಿ ಟಸ್ಕನಿಯ ಗಾಯೋಲೆಯಲ್ಲಿ 92 ಜನ ಸೇರಿ ಎರೋಯಿಕಾ ಅನ್ನೋ ಸವಾರಿ ಶುರುಮಾಡಿದರು, ಮಣ್ಣು ರಸ್ತೆಗಳನ್ನು ಉಳಿಸಿಕೊಳ್ಳುವ ಆಸೆಯಿಂದ. ಆ ಸವಾರಿಗೆ ಬೇಕಾದ್ದು 1987 ಅಥವಾ ಅದಕ್ಕೂ ಹಿಂದಿನ ಸೈಕಲ್ಲು, ಗೇರು ಕಡ್ಡಿ ಫ್ರೇಮಿನ ಕೊಳವೆಯ ಮೇಲೆಯೇ ಇರಬೇಕು. ಸಾವಿರಾರು ಜನ ಬರತೊಡಗಿದ ಮೇಲೆ, ಗ್ಯಾರೇಜಿನಲ್ಲಿ ತುಕ್ಕು ಹಿಡಿಯುತ್ತಿದ್ದ ನುವೋವೊ ರೆಕಾರ್ಡ್‌ಗಳಿಗೆ ಮತ್ತೆ ಗಿರಾಕಿ ಹುಟ್ಟಿದರು. ಆ ಎಂಬತ್ತೇಳರ ಗೆರೆ ಇಂಡೆಕ್ಸ್ ಶಿಫ್ಟಿಂಗ್ ಎಲ್ಲೆಡೆ ಹರಡುವ ಹೊತ್ತಿಗೆ ಸರಿಯಾಗಿ ಬಿದ್ದಿದೆ ಅನ್ನೋದನ್ನು ಗಮನಿಸಿ.

ಈ ಎಲ್ಲದರ ನಡುವೆ ಒಂದು ವಿಷಯ ಕೊಳ್ಳುವವರಿಗೆ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ, 2012ರ ಜೂನ್‌ನಿಂದ 2019ರ ಜೂನ್‌ವರೆಗೆ ಮಾಡಿದ ಹನ್ನೊಂದು ಗೇರಿನ ಕೆಲವು ಕ್ರ್ಯಾಂಕುಗಳನ್ನು ತಪಾಸಣೆಗೆ ಕರೆಯಿತು. ಅಮೆರಿಕದಲ್ಲೇ ಸುಮಾರು 6,80,000. ಎರಡು ಹೋಳು ಅಂಟಿಸಿ ಮಾಡಿದ ಆ ಭಾಗ ತುಳಿಯುವಾಗಲೇ ಬಿಟ್ಟುಕೊಳ್ಳಬಹುದು. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಡ್ಯುರಾ-ಏಸ್, ಅಲ್ಟೆಗ್ರಾ ಕ್ರ್ಯಾಂಕಿಗೆ ಕೈ ಹಾಕುವ ಮುನ್ನ ಅದರ ಹಿಂಬದಿಯ ಎರಡಕ್ಷರದ ಕೋಡ್ ಫೋಟೋ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ. ಇದು ಹಣದ ಮಾತಲ್ಲ, ಹಲ್ಲಿನ ಮಾತು.

ಕೇರಿನ್ ಬಗ್ಗೆ ಓದುವಾಗೆಲ್ಲ ನನಗೆ ನೆನಪಾಗೋದು ನಮ್ಮ ಕರಿ ಸೈಕಲ್ಲು. ಬ್ರಿಟಿಷರ ರೋಡ್‌ಸ್ಟರ್ ವಿನ್ಯಾಸವನ್ನು ಮದ್ರಾಸಿನ ಟಿಐ 1949ರಿಂದ, ಸೋನಿಪತ್‌ನ ಅಟ್ಲಾಸ್ 1951ರಿಂದ, ಲುಧಿಯಾನದ ಹೀರೋ 1956ರಿಂದ ಮಾಡಿಕೊಂಡು ಬಂದವು. ಹೆಸರು ಬೇರೆ, ಸಾಮಾನು ಬಹುಪಾಲು ಒಂದೇ. 28 ಇಂಚಿನ ಚಕ್ರ, ಕಡ್ಡಿ ಬ್ರೇಕು, ಕಾಟರ್ ಪಿನ್ನಿನ ಕ್ರ್ಯಾಂಕು. ಹರ್ಕ್ಯುಲಿಸ್‌ನ ಪೆಡಲು ಹೀರೋಗೆ ಬರುತ್ತೆ. ಇಲ್ಲಿ ಎನ್‌ಜೆಎಸ್ ಮುದ್ರೆ ಒತ್ತಿದವರಿಲ್ಲ, ನಿಯಮ ಬರೆದವರಿಲ್ಲ, ಹಳ್ಳಿ ಸೈಕಲ್ ಶಾಪಿನವನ ಬಡತನವೇ ನಿಯಮ. ಅವನು ನಾಲ್ಕು ಥರದ ಸಾಮಾನು ಇಟ್ಟುಕೊಳ್ಳಲಾರ, ಒಂದೇ ಥರದ್ದು ಇಟ್ಟುಕೊಂಡ. ಹೊಲಕ್ಕೆ ಹೋಗುವ ಮನೆಯಲ್ಲಿ ಅಪ್ಪ ತುಳಿದ ಸೈಕಲ್ಲನ್ನು ಮಗ ಮಾರಿದಾಗಲೂ ನಾಲ್ಕು ಕಾಸು ಬರುತ್ತಿದ್ದದ್ದು ಇದರಿಂದ. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿತು. ನಾವೆಲ್ಲ ಆಗ ಆನ್‌ಲೈನಿನಲ್ಲಿ ಸೈಕಲ್ ಹುಡುಕುತ್ತಿದ್ದೆವು. ಅಟ್ಲಾಸ್ ಸೈಕಲ್ಲಿನ ಕಾಟರ್ ಪಿನ್ನು ಮಾತ್ರ ಈಗಲೂ ಸಿಗುತ್ತೆ. ಅಂಗಡಿಯವನು ಯಾವ ಕಂಪನಿಯದು ಅಂತ ಕೇಳೋದೂ ಇಲ್ಲ, ಡಬ್ಬಿಗೆ ಕೈ ಹಾಕಿ ಒಂದು ತೆಗೆದು ಕೊಡ್ತಾನೆ.