ಗಿಟ್ ಹುಟ್ಟಿದ ಕಥೆ ಮತ್ತು ನಮ್ಮ ಟ್ಯಾಬ್‌ನಲ್ಲಿ ಕಳೆದುಹೋದ ಎರಡು ತಿಂಗಳು

ಕಳೆದ ಮಳೆಗಾಲದಲ್ಲಿ ನಾವೊಂದು ಎಡವಟ್ಟು ಮಾಡಿಕೊಂಡೆವು. ಸಂತೆ ದರ ತೋರಿಸುವ ಪುಟ್ಟ ವೆಬ್ ಪುಟವನ್ನು ಹಳೆಯ ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ಬರೆಯುತ್ತಿದ್ದೆವು. ದಿನದ ಸುದ್ದಿ ಕಳಿಸಿದ ಮೇಲೆ ರಾತ್ರಿ ಅರ್ಧ ಗಂಟೆ, ಹೀಗೆ ಎರಡು ತಿಂಗಳ ಕೆಲಸ. ಒಂದು ದಿನ ಟ್ಯಾಬ್‌ನಲ್ಲಿ ಜಾಗ ತುಂಬಿತು. ಕೋಡ್ ಬರೆಯಲು ಬಳಸುತ್ತಿದ್ದ ಟರ್ಮಕ್ಸ್ ಆ್ಯಪನ್ನು ತೆಗೆದು ಮತ್ತೆ ಹಾಕಿಕೊಂಡರಾಯಿತು ಎಂದುಕೊಂಡು ಅನ್‌ಇನ್‌ಸ್ಟಾಲ್ ಮಾಡಿದೆವು. ಪುಟವೂ ಹೋಯಿತು, ಅದರ ಹಳೆಯ ಆವೃತ್ತಿಗಳೂ ಹೋದವು.

ತಮಾಷೆ ಎಂದರೆ ನಾವು ಗಿಟ್ ಬಳಸುತ್ತಿದ್ದೆವು. ಹಳೆಯ ಆವೃತ್ತಿ ಕಳೆಯಬಾರದೆಂದೇ ಇರುವ ಸಾಧನ ಅದು. ಹಾಗಾದರೆ ತಪ್ಪಿದ್ದೆಲ್ಲಿ? ಅದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಮೀನು ಕೈ ಬದಲಾದಾಗ ಎಂ.ಆರ್. ನಂಬರ್ ಬೀಳುವುದು ನಿಮಗೆ ಗೊತ್ತು. ಯಾರಿಂದ ಯಾರಿಗೆ, ಯಾವ ದಿನ, ಯಾವ ಆಧಾರದ ಮೇಲೆ ಎಂದು ದಾಖಲಾಗುತ್ತದೆ. ಮುಂದೆ ತಕರಾರು ಬಂದರೆ ಹಿಂದಿನದನ್ನು ತೆಗೆದು ನೋಡಬಹುದು. ಕೋಡ್‌ಗೂ ಅಂಥದ್ದೇ ಪುಸ್ತಕ ಬೇಕು. ಅದನ್ನೇ ವರ್ಶನ್ ಕಂಟ್ರೋಲ್ ಎನ್ನುತ್ತಾರೆ.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಎಂಬ ತಂತ್ರಾಂಶ ಬರೆದರು. ಪ್ರತಿ ಸಲ ಇಡೀ ಫೈಲ್ ನಕಲು ಮಾಡದೆ, ಬದಲಾದ ಸಾಲುಗಳನ್ನಷ್ಟೇ ಉಳಿಸಿಡುವ ಉಪಾಯ ಅದರದು. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಚಿ ಆರ್‌ಸಿಎಸ್ ತಂದರು. ಇವುಗಳಲ್ಲಿ ಒಬ್ಬರು ಫೈಲ್ ತಿದ್ದಲು ತೆಗೆದುಕೊಂಡರೆ ಅದಕ್ಕೆ ಬೀಗ, ಉಳಿದವರು ಕಾಯಬೇಕು. 1986ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಕ್ ಗ್ರೂನೆ ಶುರು ಮಾಡಿದ ಸಿವಿಎಸ್‌ನಲ್ಲಿ ಹಲವರು ಒಟ್ಟಿಗೆ ತಿದ್ದುವುದು ಸಾಧ್ಯವಾಯಿತು. ಆದರೆ ಪೂರ್ತಿ ಪುಸ್ತಕ ಇರುವುದು ಒಂದೇ ಕಡೆ, ರಿಜಿಸ್ಟರ್ ತಾಲ್ಲೂಕು ಕಚೇರಿಯಲ್ಲಷ್ಟೇ ಇದ್ದ ಹಾಗೆ. ಆ ಕಂಪ್ಯೂಟರ್ ಕೆಟ್ಟರೆ ಎಲ್ಲರ ಇತಿಹಾಸವೂ ಕೆಟ್ಟಂತೆ.

ಇನ್ನು ಲಿನಕ್ಸ್ ವಿಷಯ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ಶುರು ಮಾಡಿದ ಮೇಲೆ ಸುಮಾರು ಹತ್ತು ವರ್ಷ ತಿದ್ದುಪಡಿಗಳು ಇಮೇಲ್‌ನಲ್ಲೇ ಓಡಾಡಿದವು. 2002ರಲ್ಲಿ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಹಿಡಿದರು. ದುಡ್ಡಿಲ್ಲ, ಷರತ್ತು ಉಂಟು. ಆಂಡ್ರೂ ಟ್ರಿಡ್ಜೆಲ್ ಎಂಬ ಪ್ರೋಗ್ರಾಮರ್ ಬಿಟ್‌ಕೀಪರ್ ಜೊತೆ ಮಾತಾಡಬಲ್ಲ ಬೇರೆ ಸಾಧನ ಬರೆಯಲು ಹೊರಟಾಗ ಜಗಳವಾಯಿತು. 2005ರಲ್ಲಿ ಕಂಪನಿ ಪುಕ್ಕಟೆ ಸೌಲಭ್ಯ ನಿಲ್ಲಿಸಿತು.

ಟೊರ್ವಾಲ್ಡ್ಸ್ ಸ್ವಂತದ್ದೇ ಬರೆಯಲು ಕೂತರು. ಆ ವರ್ಷ ಏಪ್ರಿಲ್ 3ರಂದು ಶುರು. ಏಪ್ರಿಲ್ 7ರ ಹೊತ್ತಿಗೆ ಗಿಟ್‌ನ ಕೋಡ್ ಗಿಟ್‌ನಲ್ಲೇ ದಾಖಲಾಗುತ್ತಿತ್ತು. ಜುಲೈನಲ್ಲಿ ಉಸ್ತುವಾರಿಯನ್ನು ಜುನಿಯೋ ಹಮಾನೋ ಅವರಿಗೆ ಒಪ್ಪಿಸಿದರು.

ಗಿಟ್‌ನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಬಳಿಯೂ ಪೂರ್ತಿ ಪುಸ್ತಕ ಇರಬಹುದು. ಹೊಸ ದಾಖಲೆ ಬರೆಯುವುದಕ್ಕೆ, ಅಂದರೆ ಕಮಿಟ್ ಮಾಡುವುದಕ್ಕೆ, ನೆಟ್‌ವರ್ಕ್ ಬೇಡ. 2010ರಲ್ಲಿ ಐಪ್ಯಾಡ್ ಬಂದಾಗ ಟ್ಯಾಬ್ ಎಂದರೆ ನೋಡುವ, ಓದುವ ಸಾಧನ. ಮುಂದೆ ಐಪ್ಯಾಡ್‌ಗೆ ವರ್ಕಿಂಗ್ ಕಾಪಿ, ಆಂಡ್ರಾಯ್ಡ್‌ಗೆ ಟರ್ಮಕ್ಸ್ ಬಂದು ಗಿಟ್ ಅಲ್ಲಿಗೂ ತಲುಪಿತು. ಸಿಗ್ನಲ್ ಸಿಗದ ಊರಿನಲ್ಲಿ ಕೂತು ಕೋಡ್ ಬರೆಯುವವರಿಗೆ ಇದಕ್ಕಿಂತ ಹೊಂದುವಂಥದ್ದು ಇನ್ನೇನು?

ನಾವು ಎಡವಿದ್ದು ಇಲ್ಲೇ. ಲ್ಯಾಪ್‌ಟಾಪ್‌ನಲ್ಲಿ ಗಿಟ್ ತಂತ್ರಾಂಶ ತೆಗೆದರೂ ನಮ್ಮ ಫೈಲುಗಳು ಉಳಿಯುತ್ತವೆ. ಟ್ಯಾಬ್‌ನಲ್ಲಿ ಹಾಗಲ್ಲ. ಒಂದೊಂದು ಆ್ಯಪ್‌ಗೂ ಒಂದೊಂದು ಕೋಣೆ. ಆ್ಯಪ್ ತೆಗೆದರೆ ಆ ಕೋಣೆಯ ಸಾಮಾನೂ ಹೋಗುತ್ತದೆ. ನಾವು ತಪ್ಪದೆ ಕಮಿಟ್ ಮಾಡಿದ್ದೆವು, ಒಮ್ಮೆಯೂ ಪುಶ್ ಮಾಡಿರಲಿಲ್ಲ. ಪುಶ್ ಎಂದರೆ ಪುಸ್ತಕದ ನಕಲನ್ನು ಇನ್ನೊಂದು ಕಡೆಗೆ ಕಳಿಸುವುದು. ಎಲ್ಲರ ಬಳಿಯೂ ಇರಬಹುದಾದ ಪುಸ್ತಕ ಕೊನೆಗೆ ಒಂದೇ ಟ್ಯಾಬ್‌ನಲ್ಲಿತ್ತು. ಸಿವಿಎಸ್ ಕಾಲದ ಅಪಾಯವನ್ನು ನಾವೇ ಮನೆಗೆ ಕರೆತಂದಿದ್ದೆವು.

ಈಗ ಪುಟವನ್ನು ಮೊದಲಿನಿಂದ ಬರೆಯುತ್ತಿದ್ದೇವೆ. ರಾತ್ರಿ ಮನೆಯಲ್ಲಿ ಕಮಿಟ್, ಬೆಳಿಗ್ಗೆ ಬಸ್ ಸ್ಟ್ಯಾಂಡ್‌ನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಗಿಟ್‌ಹಬ್‌ಗೆ ಪುಶ್. ಗಿಟ್‌ಹಬ್ ಬೇರೆ, ಗಿಟ್ ಬೇರೆ. ಗಿಟ್‌ಹಬ್ 2008ರಲ್ಲಿ ಶುರುವಾದ ಕಂಪನಿ, 2018ರಿಂದ ಮೈಕ್ರೋಸಾಫ್ಟ್‌ನದು. ಪುಕ್ಕಟೆ ಕೊಟ್ಟವರು ನಾಳೆ ನಿಲ್ಲಿಸಲೂಬಹುದು ಎಂಬುದು ಬಿಟ್‌ಕೀಪರ್ ಕಥೆಯಲ್ಲೇ ಇದೆ. ಅದಕ್ಕೇ ಗೆಳೆಯನ ಲ್ಯಾಪ್‌ಟಾಪ್‌ನಲ್ಲೂ ಒಂದು ಕ್ಲೋನ್ ಇಟ್ಟಿದ್ದೇವೆ; ಅದರಲ್ಲಿ ಮೊದಲ ದಾಖಲೆಯಿಂದ ಎಲ್ಲವೂ ಇದೆ.

ನಿಮ್ಮ ಮನೆಯ ಮಕ್ಕಳು ಟ್ಯಾಬ್‌ನಲ್ಲಿ ಕೋಡ್ ಕಲಿಯುತ್ತಿದ್ದರೆ ಇವತ್ತೇ ಕೇಳಿ: ಪುಶ್ ಮಾಡಿದ್ದೀಯಾ? ಜಾಗ ಖಾಲಿ ಮಾಡುವುದು ಆಮೇಲೆ.