ಖಾಲಿ ಯಾವುದು, ತುಂಬಿದ್ದು ಯಾವುದು?

ಕಳಸದ ಬಳಿ ಹೂಮಳೆ ಬಿದ್ದು ಕಾಫಿ ಗಿಡಗಳು ಬೆಳ್ಳಗೆ ಅರಳಿದ್ದಾಗ ಚಿತ್ರೀಕರಿಸಿದ ಟೇಪೊಂದನ್ನು ನಾನು ಹಿಂದೊಮ್ಮೆ ಕಳೆದುಕೊಂಡೆ. ಅದು ಕಳುವಾಗಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಅದರ ಸಂಖ್ಯೆಯ ಮುಂದೆ ಯಾರೋ 'ಖಾಲಿ' ಎಂದು ಬರೆದಿದ್ದರು; ಮರುದಿನ ಅದರ ಮೇಲೆ ಬೇರೊಂದು ಕಾರ್ಯಕ್ರಮ ಮುದ್ರಣವಾಯಿತು. ಅಷ್ಟರಲ್ಲಿ ಹೂವೂ ಉದುರಿತ್ತು. ಮತ್ತೆ ಒಂದು ವರ್ಷ ಕಾಯಬೇಕಾಯಿತು.

ಕಂಪ್ಯೂಟರಿನ ಡಿಸ್ಕಿಗೂ ಇಂಥದೇ ಒಂದು ಪುಸ್ತಕ ಬೇಕು. ಡಿಸ್ಕನ್ನು ಸಣ್ಣ ಸಣ್ಣ ಬ್ಲಾಕುಗಳಾಗಿ ವಿಂಗಡಿಸಿ, ಯಾವುದು ಹಂಚಿಕೆಯಾಗಿದೆ, ಯಾವುದು ಬಿಡುವಾಗಿದೆ ಎಂದು ಲೆಕ್ಕವಿಡಲಾಗುತ್ತದೆ. ಒಂದೇ ಯಂತ್ರ ಹಲವು ಯಂತ್ರಗಳಂತೆ ನಟಿಸುವ 'ವರ್ಚುವಲ್ ಮಷೀನ್' ಬಂದಮೇಲೆ ಈ ಲೆಕ್ಕ ಜಟಿಲವಾಯಿತು. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಸಿಪಿ-67 ವ್ಯವಸ್ಥೆ ಪ್ರತಿಯೊಬ್ಬ ಬಳಕೆದಾರನಿಗೂ ಡಿಸ್ಕಿನ ಒಂದು ತುಂಡನ್ನು ಮೊದಲೇ ಬೇಲಿ ಹಾಕಿ ಕೊಡುತ್ತಿತ್ತು. ಲೆಕ್ಕ ಸುಲಭ, ಆದರೆ ಬೇಲಿಯೊಳಗೆ ಪಾಳುಬಿದ್ದ ಜಾಗ ಮತ್ತೊಬ್ಬನಿಗೆ ಸಿಗದು. 1999ರಲ್ಲಿ ವಿಎಂವೇರ್ ಸಂಸ್ಥೆ ಈ ವಿದ್ಯೆಯನ್ನು ಸಾಮಾನ್ಯ ಪಿಸಿಗೆ ತಂದಿತು. ಅಲ್ಲಿ ಅತಿಥಿ ಯಂತ್ರದ ಡಿಸ್ಕೆಂದರೆ ಒಂದು ಕಡತ, ಅಷ್ಟೆ. ಅತಿಥಿ ತನಗೆ 40 ಜಿಬಿ ಇದೆಯೆಂದು ನಂಬಿರುತ್ತದೆ. ಕಡತ ಮಾತ್ರ ಬರೆದಷ್ಟೇ ಬೆಳೆಯುತ್ತದೆ.

ಫ್ರೆಂಚ್ ತಂತ್ರಜ್ಞ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯುಎಂಯು ತಂತ್ರಾಂಶವನ್ನು ನೋಡಿ. ಅದರ 'ಕ್ಯುಕೌ2' ಎಂಬ ಕಡತದಲ್ಲಿ ಸಾಮಾನ್ಯವಾಗಿ 64 ಕೆಬಿಗೊಂದು ಕಂತೆ. 40 ಜಿಬಿಗೆ 6,55,360 ಕಂತೆಗಳಾದವು. ಪ್ರತಿ ಕಂತೆಗೂ ಒಂದು ಎಣಿಕೆ ಉಂಟು: ಸೊನ್ನೆಯಾದರೆ ಖಾಲಿ, ಒಂದಾದರೆ ಒಬ್ಬನ ವಶ, ಎರಡೋ ಮೂರೋ ಆದರೆ ಹಳೆಯ ಪ್ರತಿಗಳೊಂದಿಗೆ ಹಂಚಿಕೊಂಡದ್ದು. ಎಣಿಕೆಗೆ ತಲಾ ಎರಡು ಬೈಟು ಹಿಡಿದರೆ ಇಡೀ ಪುಸ್ತಕ ಒಂದೂಕಾಲು ಎಂಬಿ.

ಎಣಿಕೆ ತಪ್ಪಿದರೆ? ತಪ್ಪಿನಲ್ಲಿ ಎರಡು ಬಗೆ. ಖಾಲಿ ಕಂತೆಯನ್ನು 'ತುಂಬಿದೆ' ಎಂದರೆ ಜಾಗ ವ್ಯರ್ಥ, ಅಷ್ಟೆ. ತುಂಬಿದ್ದನ್ನು 'ಖಾಲಿ' ಎಂದರೆ ಅದೇ ಜಾಗ ಇನ್ನೊಬ್ಬನಿಗೆ ಮಂಜೂರಾಗುತ್ತದೆ, ಮೊದಲಿನವನ ಮಾಹಿತಿ ಅಳಿಯುತ್ತದೆ. ಮೂಡಿಗೆರೆ, ಚಿಕ್ಕಮಗಳೂರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾಖಲೆಯಲ್ಲಿ ಸರ್ಕಾರಿ ಜಾಗ, ನೆಲದಲ್ಲಿ ಯಾರದೋ ಸಾಗುವಳಿ; ನಮೂನೆ 50, 53, 57ರ ಅರ್ಜಿ ಹಿಡಿದು ಕಾದ ಬಗರ್‌ಹುಕುಂ ಕುಟುಂಬಗಳನ್ನು ಅವರು ಕಂಡವರೇ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸದ ರೈತನಿಗೂ ಅಚ್ಚಾದ ಪಹಣಿ ಸಿಕ್ಕಿತು. ದೊಡ್ಡ ಕೆಲಸವೇ. ಆದರೆ ಪುಸ್ತಕದಲ್ಲಿ ತಪ್ಪಿದ್ದರೆ ಕಂಪ್ಯೂಟರು ತಾನಾಗಿ ತೋಟಕ್ಕೆ ಹೋಗಿ ಸರಪಳಿ ಹಿಡಿದು ಅಳೆಯುವುದಿಲ್ಲ.

ಇನ್ನೊಂದು ತೊಡಕು ಅಳಿಸುವಿಕೆಯದು. ಅತಿಥಿ ಯಂತ್ರ ಒಂದು ಕಡತವನ್ನು ಅಳಿಸಿದರೆ ತನ್ನ ಪುಸ್ತಕದಲ್ಲಿ ಮಾತ್ರ ಗುರುತು ಹಾಕಿಕೊಳ್ಳುತ್ತದೆ. ಹೊರಗಿನ ಯಂತ್ರಕ್ಕೆ ಸುದ್ದಿಯೇ ಇಲ್ಲ. ಜಮೀನು ಮಾರಿಯೂ ಖಾತೆ ಬದಲಾಗದ ಹಾಗೆ! 'ಡಿಸ್ಕಾರ್ಡ್' ಎಂಬ ಆಜ್ಞೆಯ ಮೂಲಕ ಸುದ್ದಿ ಮುಟ್ಟಿಸಿದರೆ ಮಾತ್ರ ಜಾಗ ಮರಳಿ ಸಿಗುತ್ತದೆ.

ಮಲೆನಾಡಿನ ಮಳೆಗಾಲದಂತೆ ನಡುವೆ ವಿದ್ಯುತ್ ಹೋದರೇನು ಗತಿ? ಕ್ಯುಕೌ2 ಇದಕ್ಕೆ ಒಂದು ಕ್ರಮ ಇಟ್ಟುಕೊಂಡಿದೆ. ಮೊದಲು ಎಣಿಕೆ ಪುಸ್ತಕದಲ್ಲಿ 'ತುಂಬಿದೆ' ಎಂದು ಬರೆಯುತ್ತದೆ, ಅನಂತರವೇ ಕಂತೆಯನ್ನು ಅತಿಥಿಯ ಪಟ್ಟಿಗೆ ಜೋಡಿಸುತ್ತದೆ. ಈ ಎರಡರ ನಡುವೆ ದೀಪ ಆರಿದರೆ ಒಂದು ಕಂತೆ ವ್ಯರ್ಥವಾಗಬಹುದು. ಒಂದೇ ಕಂತೆ ಇಬ್ಬರ ಪಾಲಾಗುವುದಿಲ್ಲ.